ಚೊಗರು ಹತ್ತಿದ ಕೈಗೆ ಗ್ರೀಸ್ ದೇಶದ ಸೋಪು: ಒಂದು ಅಡಿಕೆ ಸುಗ್ಗಿ, ಒಂದು ಮಳೆಗಾಲ ಬಳಸಿದ ಮೇಲೆ

ಈ ಸೋಪಿನ ಬಗ್ಗೆ ಬರೀಬೇಕು ಅಂತ ಸುಮಾರು ದಿನದಿಂದ ಅಂದ್ಕೊಳ್ತಾನೇ ಇದ್ದೆ, ಆದ್ರೆ ಅಡಿಕೆ ಸುಗ್ಗಿ ಒಂದು ಮುಗೀಲಿ, ಮಳೆಗಾಲಾನೂ ಒಂದು ಕಳೀಲಿ ಅಂತ ತಡ ಮಾಡ್ದೆ, ಯಾಕಂದ್ರೆ ನಮ್ಮ ತೀರ್ಥಹಳ್ಳಿ ಕಡೆ ಸೋಪು ಹೆಂಗಿದೆ ಅಂತ ಗೊತ್ತಾಗೋದು ಚೊಗರು ಹತ್ತಿದ ಕೈಗೆ ಹಚ್ಚಿದಾಗ, ಮತ್ತೆ ಆಷಾಢದ ಥಂಡೀಲಿ ಬಚ್ಚಲ ಗೂಡಿನಲ್ಲಿ ಇಟ್ಟಾಗ. ಅಂಗಡೀಲಿ ಮೂಸಿ ನೋಡಿ ಸ್ಟಾರ್ ಕೊಟ್ರೆ ಏನೂ ಪ್ರಯೋಜನ ಇಲ್ಲ.

ನಮ್ಮಣ್ಣನ ಮಗ ಜರ್ಮನೀಲಿ ಓದ್ತಿದಾನೆ. ದೀಪಾವಳಿಗೆ ಬಂದೋನು ಚಾಕೊಲೇಟಿನ ಜೊತೆ ಆರು ಸೋಪು ತಂದು ಕೈಗಿಟ್ಟ. ಆಲಿವ್ ಎಣ್ಣೇಲಿ ಮಾಡಿದ್ದು, ವಿಯೋಮೆ ಅಂತ ಹೆಸರು, ಗ್ರೀಸ್ ದೇಶದ ಥೆಸ್ಸಲೋನಿಕಿ ಊರಿಂದು. "ಅತ್ತೆ, ಇದು ಯಜಮಾನ್ರೇ ಇಲ್ದಿರೋ ಫ್ಯಾಕ್ಟರೀಲಿ ಮಾಡಿದ್ದು" ಅಂದ. "ಯಜಮಾನ್ರಿಲ್ದೆ ಸಂಬಳ ಯಾರು ಕೊಡ್ತಾರೋ?" ಅಂದೆ. "ಅವ್ರಿಗವ್ರೇ ಕೊಟ್ಕೊಳ್ತಾರೆ, ಎಲ್ರಿಗೂ ಒಂದೇ ಸಮ" ಅಂದ. ಊಟ ಆದ್ಮೇಲೆ ಜಗಲೀಲಿ ಕೂತು ಅವ್ನು ಹೇಳಿದ್ದು, ಆಮೇಲೆ ನಾನೇ ಹುಡುಕಿ ಓದಿದ್ದು ಎರಡೂ ಸೇರಿಸಿ ಬರೀತೀನಿ, ಮೊದ್ಲು ಸೋಪಿನ ವಿಷಯ.

ಅಡಿಕೆ ಮನೆಯವರಿಗೆ ಹೇಳೋದೇ ಬೇಡ, ಬೇರೆಯವರಿಗೋಸ್ಕರ ಹೇಳ್ತೀನಿ. ಹಸಿ ಅಡಿಕೆ ಸುಲಿದು ಹಂಡೇಲಿ ಬೇಯಿಸಿದಾಗ ಬಿಡೋ ಕೆಂಪು ರಸಾನೇ ಚೊಗರು. ಮೆಟ್ಟುಗತ್ತಿ ಮುಂದೆ ರಾತ್ರಿ ಹನ್ನೊಂದರ ತನಕ ಕೂತು ಸುಲಿದ್ರೆ ಬೆರಳ ಸಂದಿ, ಉಗುರಿನ ಬುಡ ಎಲ್ಲ ಕಪ್ಪಾಗಿ ಚರ್ಮ ಒಣಗಿ ಬಿರಿಯುತ್ತೆ, ಆಮೇಲೆ ಒಂದು ಉಪ್ಪಿನಕಾಯಿ ಭರಣಿಗೆ ಕೈ ಹಾಕಿದ್ರೂ ಉರಿ. ಈ ಕಪ್ಪು ತಿಂಗಳಾದ್ರೂ ಹೋಗಲ್ಲ, ಅದನ್ನ ಪೂರ್ತಿ ತೆಗೆಯೋ ಸೋಪು ನಾನಂತೂ ಕಂಡಿಲ್ಲ, ಇದೂ ತೆಗೀಲಿಲ್ಲ, ಅದು ಚೊಗರಿನ ಗುಣ. ಆದ್ರೆ ಬಿರಿಯೋದು ನಿಂತಿತು. ನಾನು ಪ್ರತಿ ವರ್ಷ ಮಲಗೋಕೆ ಮುಂಚೆ ಕೊಬ್ಬರಿ ಎಣ್ಣೆ ಹಚ್ಕೊಂಡು ಹಳೇ ಬಟ್ಟೆ ಸುತ್ಕೋತಿದ್ದೆ, ಈ ಸಲ ಅದರ ಅಗತ್ಯ ಬೀಳಲಿಲ್ಲ. ಸುಲಿಯೋಕೆ ಬರೋ ಅಕ್ಕನಿಗೂ ಒಂದು ಕೊಟ್ಟಿದ್ದೆ, ಎಂಟು ದಿನ ಬಿಟ್ಟು ಅಂಗೈ ಮೇಲೆ ಮಾಡಿ ತೋರಿಸಿ "ನೋಡಿ ಅಮ್ಮಾ, ಬಲಗೈ ಹೆಬ್ಬೆರಳಿನ ಸೀಳು ಕೂಡಿದೆ" ಅಂದ್ಲು, ಆ ಸೀಳಿಗೆ ಅವಳು ಪ್ರತಿ ಸುಗ್ಗೀಲಿ ಪ್ಲಾಸ್ಟರ್ ಸುತ್ಕೊಂಡೇ ಕೆಲಸ ಮಾಡ್ತಿದ್ದಿದ್ದು.

ನೊರೆ ಕಡಿಮೆ. ಆಲಿವ್ ಎಣ್ಣೆ ಸೋಪುಗಳೆಲ್ಲ ಹಾಗೇನೇ ಅಂತೆ, ಗುಳ್ಳೆಗುಳ್ಳೆ ನೊರೆ ಬರಲ್ಲ, ಹಾಲಿನ ಕೆನೆ ಥರ ತೆಳ್ಳಗೆ ಬರುತ್ತೆ. ವಾಸನೆ ಜೋರಿಲ್ಲ, ಘಮಘಮ ಅನ್ನಬೇಕು ಅನ್ನೋರಿಗೆ ಹಿಡಿಸಲ್ಲ, ನನಗಂತೂ ಅದೇ ಇಷ್ಟ ಆಯ್ತು. ಮಳೆಗಾಲದಲ್ಲಿ ಮಾತ್ರ ಹುಷಾರಾಗಿರಿ, ನಮ್ಮ ಬಚ್ಚಲಮನೇಲಿ ಯಾವ ಎಣ್ಣೆ ಸೋಪಾದ್ರೂ ಕರಗಿ ಲೋಳೆ ಆಗುತ್ತೆ, ನಾನು ಅಡಿಕೆ ದಬ್ಬೆಯ ಎರಡು ಸಣ್ಣ ಪಟ್ಟಿ ಜೋಡಿಸಿ ಅದರ ಮೇಲೆ ಇಟ್ಟು, ಸ್ನಾನ ಆದ್ಮೇಲೆ ಹಂಡೆ ಒಲೆ ಕಟ್ಟೆ ಮೇಲೆ ಒಣಗಿಸ್ತಿದ್ದೆ, ಹಾಗಾಗಿ ಒಂದು ಸೋಪು ಇಬ್ಬರಿಗೆ ಹತ್ತಿರ ಹತ್ತಿರ ಎರಡು ತಿಂಗಳು ಬಂತು.

ಈಗ ಇದರ ಹಿಂದಿನ ಕಥೆ. ಅದನ್ನ ಬಿಟ್ಟು ಈ ಸೋಪಿನ ವಿಮರ್ಶೆ ಬರೆಯೋಕೆ ನನ್ನಿಂದಾಗಲ್ಲ.

ಈ ಫ್ಯಾಕ್ಟರೀಲಿ ಮೊದ್ಲು ಸೋಪು ಮಾಡ್ತಿರಲಿಲ್ಲ, ಟೈಲ್ಸ್ ಅಂಟಿಸೋ ಗಮ್ಮು, ಗಾರೆ ಅಂಥವೆಲ್ಲ ಮಾಡ್ತಿದ್ರು. 2009ರ ಕೊನೇಲಿ ಗ್ರೀಸ್ ಸರ್ಕಾರದ ಲೆಕ್ಕ ಎಷ್ಟು ಹದಗೆಟ್ಟಿದೆ ಅಂತ ಹೊರಗೆ ಬಿತ್ತು, ಸಾಲ ಹುಟ್ಟೋದು ನಿಂತೋಯ್ತು. 2010ರ ಮೇ ತಿಂಗಳಲ್ಲಿ ಯುರೋಪಿಯನ್ ಯೂನಿಯನ್ನು, ದೇಶಗಳಿಗೆ ಸಾಲ ಕೊಡೋ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫು ಸೇರಿ 11,000 ಕೋಟಿ ಯೂರೋ ಸಾಲ ಕೊಡ್ತೀವಿ ಅಂದ್ರು, ಆದ್ರೆ ಕಂಡೀಷನ್ ಮೇಲೆ. ಪಿಂಚಣಿ ಕಡಿತ, ಸರ್ಕಾರಿ ನೌಕರರ ಸಂಬಳ ಕಡಿತ, ತೆರಿಗೆ ಜಾಸ್ತಿ, ಆಸ್ಪತ್ರೆ ಖರ್ಚು ಕಡಿತ. 2012ರಲ್ಲಿ ಕನಿಷ್ಠ ಕೂಲೀನೇ ನೂರಕ್ಕೆ 22ರಷ್ಟು ಇಳಿಸಿದ್ರು, 25 ವರ್ಷದ ಒಳಗಿನ ಹುಡುಗ ಹುಡುಗೀರಿಗೆ ನೂರಕ್ಕೆ 32. ಮರುವರ್ಷದ ಹೊತ್ತಿಗೆ ದುಡಿಯೋ ಕೈ ನಾಲ್ಕರಲ್ಲಿ ಒಂದಕ್ಕೆ ಕೆಲಸ ಇರಲಿಲ್ಲ.

ಇದಕ್ಕೆ ಕನ್ನಡದಲ್ಲಿ ಪೇಪರ್ನೋರು ಮಿತವ್ಯಯ ಅಂತ ಬರೀತಾರೆ. ನಂಗೆ ಆ ಪದ ಓದಿದ್ರೆ ಬೇಜಾರಾಗುತ್ತೆ ಮಾರಾಯ್ರೆ. ಮಿತವ್ಯಯ ಅಂದ್ರೆ ಏನು ಅಂತ ಮಲೆನಾಡಿನೋರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಹಲಸಿನ ಬೀಜ ಒಂದೂ ಬಿಸಾಕ್ದೆ ಮಣ್ಣು ಬಳಿದು ಮಳೆಗಾಲಕ್ಕೆ ಎತ್ತಿಡೋರು ನಾವು. ಕೊಳೆರೋಗ ಬಂದು ಅರ್ಧ ಅಡಿಕೆ ಉದುರಿದ ವರ್ಷ ನಮ್ಮ ಮಾವನವರು ಮೊದಲು ನಿಲ್ಲಿಸಿದ್ದು ತಮ್ಮ ಹೊಸ ಪಂಚೆ, ತಮ್ಮ ಪೇಟೆ ಕಾಫಿ. ಅಜ್ಜಿಯ ಬಿಪಿ ಮಾತ್ರೆಗೆ, ಮಕ್ಕಳ ಫೀಸಿಗೆ ಕೈ ಹಾಕ್ಲಿಲ್ಲ. ಗ್ರೀಸಲ್ಲಿ ಆಗಿದ್ದು ಇದರ ತಿರುಗುಮುರುಗು, ಸಾಲ ಮಾಡಿದೋರು ಯಾರೋ, ಮಾತ್ರೆ ಬಿಟ್ಟಿದ್ದು ಅಜ್ಜೀರು. ಕೆಲಸ ಹೋಗಿ ವರ್ಷ ಕಳೆದ್ರೆ ಆಸ್ಪತ್ರೆ ವಿಮೇನೂ ಹೋಗ್ತಿತ್ತು ಅಲ್ಲಿ. ಅದಕ್ಕೇ ಡಾಕ್ಟರುಗಳೇ ಸೇರ್ಕೊಂಡು ಅಥೆನ್ಸಲ್ಲಿ, ಥೆಸ್ಸಲೋನಿಕೀಲಿ ಪುಕ್ಕಟೆ ಕ್ಲಿನಿಕ್ ತೆಗೆದ್ರು, ಜನ ತಮ್ಮ ಮನೇಲಿ ಉಳಿದ ಮಾತ್ರೆ ಪಟ್ಟಿಗಳನ್ನ ತಂದು ಅಲ್ಲಿ ಕೊಡ್ತಿದ್ರು.

ಜನ ಸುಮ್ನೆ ಕೂತಿರಲಿಲ್ಲ. ಒಂದರ ಹಿಂದೆ ಒಂದು ಮುಷ್ಕರ, 2011ರ ಮೇ ಕೊನೇಲಿ ಅಥೆನ್ಸಿನ ಪಾರ್ಲಿಮೆಂಟ್ ಎದುರಿನ ಸಿಂಟಗ್ಮಾ ಚೌಕದಲ್ಲಿ ಟೆಂಟ್ ಹಾಕಿ ವಾರಗಟ್ಟಲೆ ಕೂತ್ರು. 2012ರಲ್ಲಿ ಕಟೆರಿನಿ ಅನ್ನೋ ಊರಿಂದ ಆಲೂಗಡ್ಡೆ ಚಳವಳಿ ಶುರುವಾಯ್ತು, ರೈತರು ಲಾರೀಲಿ ತಂದು ದಲ್ಲಾಳಿ ಇಲ್ದೆ ನೇರ ಜನರಿಗೆ ಮಾರಿದ್ರು, ಬೆಳೆದೋನಿಗೂ ಜಾಸ್ತಿ ಸಿಕ್ತು, ಕೊಂಡೋನಿಗೂ ಅಗ್ಗ ಆಯ್ತು. ಮಂಡಿ ಬಾಗಿಲಲ್ಲಿ ಅಡಿಕೆ ಚೀಲ ಇಟ್ಕೊಂಡು ಇವತ್ತಿನ ರೇಟ್ ಎಷ್ಟು ಅಂತ ಕಾಯ್ತಾ ನಿಂತಿರೋ ಯಾರಿಗಾದ್ರೂ ಇದರ ಬೆಲೆ ತಿಳಿಯುತ್ತೆ.

ಇನ್ನೊಂದು ವಿಷಯ, ಅದನ್ನ ಓದಿದ ದಿನ ನಂಗೆ ನಿದ್ದೆ ಬರಲಿಲ್ಲ. 2013ರಲ್ಲಿ ಹಣಕಾಸು ಇಲಾಖೆಯ 595 ಜನ ಕಸ ಗುಡಿಸಿ ನೆಲ ಒರೆಸೋ ಹೆಂಗಸರನ್ನ ಕೆಲಸದಿಂದ ತೆಗೆದ್ರು. ಖರ್ಚು ಉಳಿಸ್ಬೇಕು ಅಂತ ಅವ್ರಿಗೆ ಕಂಡಿದ್ದು ಇವ್ರು! ಆ ಹೆಂಗಸರು ಪಾತ್ರೆ ತೊಳೆಯೋ ಕೆಂಪು ರಬ್ಬರ್ ಗ್ಲೌಸನ್ನೇ ತಮ್ಮ ಬಾವುಟ ಮಾಡ್ಕೊಂಡು ಇಲಾಖೆ ಬಾಗಿಲ ಎದುರಿಗೇ ಟೆಂಟ್ ಹೊಡೆದು ಕೂತ್ರು, ಪೊಲೀಸರು ಎಳೆದು ಹಾಕಿದ್ರು, ಮತ್ತೆ ಬಂದು ಕೂತ್ರು, ಮಳೆ ಚಳಿ ಅನ್ನದೆ ತಿಂಗಳುಗಟ್ಟಲೆ. ಹೆಚ್ಚಿನೋರು ಐವತ್ತು ವರ್ಷದ ಆಸುಪಾಸಿನೋರು, ನನ್ನ ವಯಸ್ಸಿನೋರು. 2015ರಲ್ಲಿ ಸರ್ಕಾರ ಬದಲಾದ ಮೇಲೆ ಅವ್ರನ್ನ ವಾಪಸ್ ಕೆಲಸಕ್ಕೆ ತಗೊಂಡ್ರು. ಬೆಳಗ್ಗೆ ಕೈ ತೊಳೆಯೋವಾಗ ಆ ಕೆಂಪು ಗ್ಲೌಸು ನೆನಪಾಗುತ್ತೆ.

ದೊಡ್ಡ ಮಟ್ಟದಲ್ಲಿ ಮಾತ್ರ ಜನ ಸೋತ್ರು ಅಂತಾನೇ ಹೇಳ್ಬೇಕು. 2015ರ ಜುಲೈ 5ಕ್ಕೆ ಸಾಲ ಕೊಡೋರ ಹೊಸ ಷರತ್ತು ಒಪ್ಪಬೇಕಾ ಬೇಡ್ವಾ ಅಂತ ಜನಮತ ಕೇಳಿದ್ರು, ಬ್ಯಾಂಕ್ ಬಾಗಿಲು ಹಾಕಿ ಎಟಿಎಮ್ಮಲ್ಲಿ ದಿನಕ್ಕೆ 60 ಯೂರೋ ಮಾತ್ರ ಸಿಕ್ತಿದ್ದ ಆ ಹೊತ್ತಲ್ಲೂ ನೂರಕ್ಕೆ 61 ಜನ "ಓಹಿ", ಅಂದ್ರೆ ಬೇಡ ಅಂತ ಹಾಕಿದ್ರು. ಆದ್ರೂ ಆಗಿನ ಪ್ರಧಾನಿ ಸಿಪ್ರಾಸ್ ಅವ್ರ ಸರ್ಕಾರ ಎಂಟೇ ದಿನದಲ್ಲಿ ಒಪ್ಕೊಂಡು ಬಂತು. ವೋಟು ಹಾಕಿದೋರ ಹೊಟ್ಟೆ ಎಷ್ಟು ಉರಿದಿರಬೇಕು.

ಈ ಗದ್ದಲದ ಮಧ್ಯೆ ನಮ್ಮ ಸೋಪಿನ ಫ್ಯಾಕ್ಟರಿ. ಕಟ್ಟಡ ಕಟ್ಟೋ ಕೆಲಸ ದೇಶದಲ್ಲೇ ನಿಂತಿತ್ತು, ಗಮ್ಮು ಯಾರಿಗೆ ಬೇಕು, 2011ರ ಮೇನಲ್ಲಿ ಮಾಲೀಕರು ಸಂಬಳ ಬಾಕಿ ಉಳಿಸಿ ಕೈಬಿಟ್ಟು ಹೋದ್ರು. ಕೆಲಸಗಾರರು ಮಿಷಿನ್ನು ಯಾರೂ ಹೊತ್ಕೊಂಡು ಹೋಗ್ದಂಗೆ ಕಾವಲು ಕೂತ್ರು. ಸಭೆ ಮಾಡಿ, ನಾವೇ ನಡೆಸ್ತೀವಿ ಅಂತ ತೀರ್ಮಾನ ತಗೊಂಡ್ರು, 2013ರ ಫೆಬ್ರವರಿ 12ಕ್ಕೆ ಮತ್ತೆ ಉತ್ಪಾದನೆ ಶುರು ಮಾಡಿದ್ರು. ಗಮ್ಮಿಗೆ ಗಿರಾಕಿ ಇಲ್ಲ, ಮನೆ ಮನೇಲೂ ದಿನಾ ಬೇಕಾಗಿದ್ದು ಯಾವ್ದು ಅಂತ ಯೋಚಿಸಿ ನೆಲ ಒರೆಸೋ ಲಿಕ್ವಿಡ್ಡು, ಬಟ್ಟೆ ಸೋಪು, ಮೈ ಸೋಪು ಮಾಡೋಕೆ ಇಳಿದ್ರು. ಮೇಸ್ತ್ರಿ ಇಲ್ಲ, ಮ್ಯಾನೇಜರ್ ಇಲ್ಲ, ಒಬ್ಬರಿಗೆ ಒಂದು ವೋಟು, ಎಲ್ರಿಗೂ ಒಂದೇ ಸಂಬಳ. ಜಾಗ ಹರಾಜಿಗೆ ಹಾಕೋಕೆ ಎಷ್ಟೋ ಸಲ ಹೊರಟ್ರು, ಅವಾಗೆಲ್ಲ ಊರ ಜನ ಕೋರ್ಟ್ ಮುಂದೆ ಬಂದು ನಿಲ್ತಿದ್ರು.

ಮತ್ತೊಂದು, ಗ್ರೀಸಿಗೆ ಖರ್ಚು ಕಡಿಮೆ ಮಾಡು ಕಡಿಮೆ ಮಾಡು ಅಂತ ಗಟ್ಟಿಯಾಗಿ ಹಠ ಹಿಡಿದಿದ್ದು ಜರ್ಮನಿ ಸರ್ಕಾರ. ಅದೇ ಜರ್ಮನೀಲಿ ಸಾಮಾನ್ಯ ಜನ ಗುಂಪು ಕಟ್ಕೊಂಡು ಈ ಸೋಪನ್ನ ತರಿಸಿ ಹಂಚ್ತಾರೆ, ನಮ್ಮ ಹುಡುಗನಿಗೆ ಸಿಕ್ಕಿದ್ದೂ ಹಾಗೇನೇ. ಸರ್ಕಾರ ಬೇರೆ, ಜನ ಬೇರೆ ಅನ್ನೋದು ನಂಗೆ ಇದನ್ನ ಕೇಳಿದಾಗ ಮನಸ್ಸಿಗೆ ಸರಿಯಾಗಿ ನಾಟಿತು.

ಇಷ್ಟೆಲ್ಲ ಕೇಳ್ತಾ ಕೂತಿದ್ದಾಗ ನಂಗೆ ಕಣ್ಮುಂದೆ ಬಂದಿದ್ದು ನಮ್ಮ ಸಹಕಾರ ಸಾರಿಗೆ ಬಸ್ಸು. ಕೊಪ್ಪ, ಶೃಂಗೇರಿ, ತೀರ್ಥಹಳ್ಳಿ ಕಡೆಯೋರಿಗೆ ಹೇಳ್ಬೇಕಾಗಿಲ್ಲ. ಕೊಪ್ಪದಲ್ಲಿ ಶಂಕರ್ ಕಂಪನಿ ಬಸ್ಸು ನಿಂತಾಗ 1991ರಲ್ಲಿ ಅದರ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ ಸಹಕಾರ ಸಂಘ ಮಾಡ್ಕೊಂಡು ಬಸ್ ಓಡಿಸಿದ್ರು. ಥೆಸ್ಸಲೋನಿಕಿಗಿಂತ ಇಪ್ಪತ್ತು ವರ್ಷ ಮುಂಚೆ! ನಾನು ಕಾಲೇಜಿಗೆ ಹೋಗಿದ್ದು ಅದೇ ಬಸ್ಸಲ್ಲಿ, ರಿಯಾಯಿತಿ ಪಾಸ್ ಇತ್ತು. ಮಳೇಲಿ ಕೊಡೆ ಮಡಚಿ ಓಡಿ ಬರೋದು ಕಂಡ್ರೆ ನಿಲ್ಲಿಸ್ತಿದ್ರು, ಪೇಟೆ ಮೆಡಿಕಲ್ಲಿಂದ ಔಷಧಿ ತಂದು ನಮ್ಮ ಕ್ರಾಸಲ್ಲಿ ಗೂಡಂಗಡಿ ಅಜ್ಜನ ಕೈಗೆ ಕೊಟ್ಟು ಹೋಗ್ತಿದ್ರು. ಎರಡು ಸೀಟಿನ ಮಧ್ಯದ ಜಾಗದಲ್ಲಿ ನಮ್ಮಮ್ಮನ ಬಾಳೆಗೊನೆ ಕೂತು ಎಷ್ಟು ಸಲ ಸಂತೆಗೆ ಹೋಗಿದೆಯೋ. ಸುಮಾರು ಮೂವತ್ತು ವರ್ಷ ನಡೀತು, ಡೀಸೆಲ್ ರೇಟು, ನಷ್ಟ ತಡೆಯೋಕಾಗ್ದೆ 2020ರಲ್ಲಿ ನಿಂತೋಯ್ತು. ಕೆಲಸಗಾರರೇ ನಡೆಸೋ ಸಂಸ್ಥೆಗಳು ತಾವಾಗೇ ಉಳ್ಕೊಳ್ಳಲ್ಲ, ಕಷ್ಟ ಬಂದಾಗ ಊರು ಜೊತೆಗೆ ನಿಲ್ಬೇಕು, ಬಸ್ಸು ನಿಂತ ಮೇಲೆ ಅಯ್ಯೋ ಅಂದೋರಲ್ಲಿ ನಾನೂ ಒಬ್ಳು. ಆ ಸಂಕಟಾನೂ ಸೇರಿ ಈ ಸೋಪು ನಂಗೆ ಇಷ್ಟ ಆಗಿರಬಹುದು, ಮುಚ್ಚಿಡಲ್ಲ.

ಸೋಪಿಗೆ ಐದಕ್ಕೆ ನಾಲ್ಕು ಸ್ಟಾರ್ ಕೊಡ್ತೀನಿ. ಒಣ ಚರ್ಮ, ಬಿರುಕು ಇರೋರು, ಅಡಿಕೆ ಕೆಲಸ, ಗದ್ದೆ ಕೆಲಸ ಮಾಡೋರು ಧೈರ್ಯವಾಗಿ ಬಳಸಿ. ತಲೆಗೆ ಹಾಕಿ ನೋಡ್ದೆ, ನಮಗೆ ಸೀಗೆಕಾಯೀನೇ ಸರಿ. ಇಲ್ಲಿಗೆ ತರಿಸಿಕೊಳ್ಳೋಕೆ ಹೋದ್ರೆ ಕೊರಿಯರ್ ಖರ್ಚು ಮೈಮೇಲೆ ಬೀಳುತ್ತೆ, ಯುರೋಪಲ್ಲಿ ಮಕ್ಕಳು ಮೊಮ್ಮಕ್ಕಳು ಇರೋರು ಬರೋವಾಗ ನಾಲ್ಕು ಹಾಕ್ಕೊಂಡು ಬಾ ಅನ್ನಿ.

ಆರರಲ್ಲಿ ಕೊನೇದು ಒಂದು ಉಳಿದಿತ್ತು. ನಮ್ಮ ಕ್ರಾಸಿನ ಹತ್ರ ಸಹಕಾರ ಸಾರಿಗೇಲಿ ಕಂಡಕ್ಟರಾಗಿದ್ದ ಅಣ್ಣ ಒಬ್ರಿದಾರೆ, ಹೋದ ವಾರ ಅವ್ರ ಮನೆಗೆ ಹೋಗಿ ಕೊಟ್ಟು ಈ ಕಥೆ ಪೂರ್ತಿ ಹೇಳ್ದೆ. ಟೀ ಆರೋವರೆಗೂ ಕೇಳಿದ್ರು. ಸೋಪನ್ನ ತಿರುಗಿಸಿ ಮುರುಗಿಸಿ ನೋಡಿ "ಡ್ರೈವರಿಗೂ ಕ್ಲೀನರಿಗೂ ಒಂದೇ ಸಂಬಳನಾ?" ಅಂದ್ರು. ಹೌದು ಅಂದೆ. "ಸಭೇಲಿ ಜಗಳ ಆಗಲ್ವಂತಾ?" ಅಂದ್ರು. ಆಗ್ದೇ ಇರುತ್ತಾ ಅಣ್ಣಾ ಅಂದೆ. ಎದ್ದು ಒಳಗೆ ಹೋಗಿ ಹಳೇ ಟಿಕೆಟ್ ಬ್ಯಾಗ್ ಇಟ್ಟಿರೋ ಬೀರು ತೆಗೆದು, ಅದರ ಪಕ್ಕ ಸೋಪು ಇಟ್ಟು ಬಂದ್ರು. ಬಳಸಿ ಅಣ್ಣಾ, ಬಳಸೋಕೇ ಕೊಟ್ಟಿದ್ದು ಅಂದೆ, "ಬಳಸ್ತೀನಿ ಬಳಸ್ತೀನಿ, ಒಂದೆರಡು ದಿನ ಇರ್ಲಿ" ಅಂದ್ರು.