ಬ್ಲೌಸ್ ಒಳಗಿನ ಅಂಚಿಗೆ ಜಿಗ್‌ಜಾಗ್ ಒಳ್ಳೆಯದಾ, ಓವರ್‌ಲಾಕಾ?

ಗುಳೇದಗುಡ್ಡದ ಖಣ, ಕಾಟನ್ ವಾಯಿಲ್, ತೆಳು ಜಾರ್ಜೆಟ್. ಮೂರರ ಮೇಲೂ ಬೇರೆ ಬೇರೆ ಹೊಲಿಗೆ ಹಾಕಿ ನೋಡಿದ್ದೇನೆ. ಎಳೆ ಬಿಚ್ಚದಂತೆ ಅಂಚನ್ನು ಕಟ್ಟುವ ವಿಷಯದಲ್ಲಿ, ಬ್ಲೌಸ್ ಮಟ್ಟಿಗೆ ನನ್ನ ಓಟು ಜಿಗ್‌ಜಾಗ್‌ಗೆ, ಅಂದರೆ ಅಂಕುಡೊಂಕು ಹೊಲಿಗೆಗೆ. ಅದು ಚೆಂದ ಅಂತಲ್ಲ, ಮಾರ್ಜಿನ್ (ಹೊಲಿಗೆಯ ಆಚೆ ಬಿಡುವ ಹೆಚ್ಚಿನ ಬಟ್ಟೆ) ಉಳಿಯುತ್ತದೆ ಅಂತ.

ಚೆಂದ ಅಂದರೆ ಓವರ್‌ಲಾಕೇ. ಮೂರು ದಾರ ಸೇರಿ ಅಂಚನ್ನು ಸುತ್ತಿಕೊಳ್ಳುತ್ತವೆ, ಜೊತೆಗೇ ಬ್ಲೇಡು ಹೆಚ್ಚಿನ ಬಟ್ಟೆಯನ್ನು ಕತ್ತರಿಸುತ್ತಾ ಹೋಗುತ್ತದೆ. ತೊಂದರೆ ಇರುವುದೂ ಆ ಬ್ಲೇಡಿನಲ್ಲೇ. ಮುಂದೆ ಮೈ ಬಂದರೆ ಬಿಚ್ಚಿಕೊಳ್ಳೋಣ ಅಂತ ಪಕ್ಕದಲ್ಲಿ ಒಂದಿಂಚು ಬಿಟ್ಟಿರುತ್ತೇವಲ್ವಾ? ಹೇಳದೆ ಅಂಗಡಿಗೆ ಕೊಟ್ಟರೆ ಅದನ್ನೂ ಸವರಿಬಿಡುತ್ತಾರೆ. ಟೀ ಶರ್ಟಿನಂಥ ಹಿಗ್ಗುವ ಬಟ್ಟೆಗಾದರೆ ಓವರ್‌ಲಾಕ್ ಬಿಟ್ಟು ಬೇರೆ ಯೋಚನೆಯೇ ಬೇಡ.

ಜಿಗ್‌ಜಾಗ್‌ನಲ್ಲಿ ಗುಟ್ಟೆಲ್ಲ ಸೂಜಿ ಬೀಳುವ ಜಾಗದಲ್ಲಿದೆ. ಎಡಕ್ಕೆ ಬಂದಾಗ ಬಟ್ಟೆ ಮೇಲೆ, ಬಲಕ್ಕೆ ಹೋದಾಗ ಅಂಚು ದಾಟಿ ಕೂದಲೆಳೆಯಷ್ಟು ಆಚೆ ಬೀಳಬೇಕು. ಪೂರ್ತಿ ಒಳಗೇ ಬಿದ್ದರೆ ಹೊರಗಿನ ಎಳೆ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಖಣಕ್ಕೆ ನಾನು ಅಗಲ 4, ಉದ್ದ 2 ಮಿ.ಮೀ. ಇಡುತ್ತೇನೆ. ಜೋಡಿಸುವ ಮೊದಲೇ ಒಂದೊಂದು ತುಂಡಿನ ಅಂಚಿಗೂ ಬೇರೆಬೇರೆಯಾಗಿ ಹೊಲಿಗೆ ಹಾಕಿಬಿಡುತ್ತೇನೆ. ಆಮೇಲೆ ಮಾರ್ಜಿನ್ನನ್ನು ಎರಡು ಕಡೆಗೂ ಬಿಡಿಸಿ ಇಸ್ತ್ರಿ ಮಾಡಬಹುದು, ಕಂಕುಳ ಹತ್ತಿರ ದಪ್ಪ ಆಗುವುದಿಲ್ಲ. ಕೆಲಸ ನಿಧಾನ, ದಾರವೂ ಜಾಸ್ತಿ ತಿನ್ನುತ್ತದೆ. ಇರಲಿ.

ಜಾರ್ಜೆಟ್ ಮಾತ್ರ ಜಿಗ್‌ಜಾಗ್‌ಗೆ ಬಗ್ಗುವುದಿಲ್ಲ. ಅಂಚು ಸುರುಳಿಯಾಗಿ ಹಗ್ಗದ ಥರ ಆಗುತ್ತದೆ. ದಾರದ ಟೆನ್ಶನ್ (ಬಿಗಿತ) ಸಡಿಲಿಸಿ, ತೆಳು ಸೂಜಿ ಹಾಕಿ, ಸ್ವಲ್ಪ ಒಳಗೆ ಹೊಲಿದು ಉಳಿದದ್ದನ್ನು ಕತ್ತರಿಸಿದರೆ ಪರವಾಗಿಲ್ಲ ಅನ್ನಿಸುತ್ತದೆ, ಅಷ್ಟೇ. ಅದಕ್ಕಿಂತ ಫ್ರೆಂಚ್ ಸೀಮ್ ವಾಸಿ. ಮೊದಲು ಉಲ್ಟಾ ಮಗ್ಗುಲುಗಳನ್ನು ಸೇರಿಸಿ ಹೊಲಿದು, 3 ಮಿ.ಮೀ. ಬಿಟ್ಟು ಕತ್ತರಿಸಿ, ತಿರುಗಿಸಿ, 6 ಮಿ.ಮೀ. ಒಳಗೆ ಮತ್ತೊಂದು ಹೊಲಿಗೆ. ಒಂದೆಳೆಯೂ ಕಾಣದು. ಆದರೆ ಮುಂದೆ ಅಗಲ ಮಾಡುವ ಆಸೆ ಬಿಡಬೇಕು. ತೋಳು ಕೂರಿಸುವ ತಿರುವಿನಲ್ಲಂತೂ ಸುಮ್ನೆ ಒದ್ದಾಟ.

ಅಂಚನ್ನು ಗರಗಸದ ಹಲ್ಲಿನಂತೆ ಕತ್ತರಿಸುವ ಹಲ್ಲಿನ ಕತ್ತರಿ? ಪದೇಪದೇ ಒಗೆಯುವ ಬಟ್ಟೆಗೆ ಅದನ್ನು ನಂಬಬೇಡಿ.

ಬರೀ ನೇರ ಹೊಲಿಗೆಯ ಹಳೇ ಕಪ್ಪು ಮೆಷಿನ್ ಇದ್ದರೆ, ವಾಯಿಲ್‌ನ ಅಂಚನ್ನು ಒಂದು ಸಲ ಒಳಕ್ಕೆ ಮಡಚಿ ಮಡಿಕೆಯ ಮೇಲೆ ಹೊಲಿಗೆ ಓಡಿಸಿ, ಸಾಕು. ಖಣ ಆದರೆ ಮಡಿಕೆ ದಪ್ಪ ಕಾಣುತ್ತದೆ. ಅದಕ್ಕೆ ಕೈಹೊಲಿಗೆಯೇ ಸರಿ.