‘ಮೈಂಡ್ ಯುವರ್ ಲ್ಯಾಂಗ್ವೇಜ್’ ನೋಡೋದಾ, ‘ಫಾಲ್ಟಿ ಟವರ್ಸ್’ ನೋಡೋದಾ?

ಎರಡೂ 1970ರ ದಶಕದ ಬ್ರಿಟಿಷ್ ಹಾಸ್ಯ ಧಾರಾವಾಹಿಗಳು. ಹೊರದೇಶದವರ ಅರೆಬರೆ ಇಂಗ್ಲಿಷ್ ಎರಡರಲ್ಲೂ ನಗುವಿನ ಸರಕು. ಒಂದನ್ನು ನೋಡುವಷ್ಟೇ ಸಮಯ ಇದ್ದರೆ ‘ಫಾಲ್ಟಿ ಟವರ್ಸ್’ ನೋಡಿ.

‘ಮೈಂಡ್ ಯುವರ್ ಲ್ಯಾಂಗ್ವೇಜ್’ 1977ರಲ್ಲಿ ಶುರುವಾಯಿತು. ಲಂಡನ್ನಿನಲ್ಲಿ ಬ್ರೌನ್ ಮೇಷ್ಟ್ರ ಸಂಜೆ ತರಗತಿ, ಇಂಗ್ಲಿಷ್ ಕಲಿಯಲು ಬಂದ ನಾನಾ ದೇಶದ ಜನ. ಪದಗಳ ಗೊಂದಲ ಈಗಲೂ ನಗು ತರಿಸುತ್ತದೆ. ಹೊಸ ಭಾಷೆಗೆ ಒದ್ದಾಡಿದವರಿಗಂತೂ ಜಾಸ್ತಿ. ಆದರೆ ಒಬ್ಬೊಬ್ಬರಿಗೂ ಒಂದೇ ಗುಣ. ರಂಜೀತ್ ಸಿಂಗ್‌ಗೂ ಪಾಕಿಸ್ತಾನದ ಅಲಿಗೂ ಜಗಳ, ಜಮೀಲಾಗೆ ಹೆಣಿಗೆ. ಮೂರ್ನಾಲ್ಕು ಕಂತಿನಲ್ಲೇ ಮುಂದಿನ ಜೋಕ್ ಗೊತ್ತಾಗಿಬಿಡುತ್ತದೆ.

‘ಫಾಲ್ಟಿ ಟವರ್ಸ್’ ಬಂದದ್ದು 1975 ಮತ್ತು 1979ರಲ್ಲಿ, ಒಟ್ಟು 12 ಕಂತು. ಸ್ಪೇನಿನ ಮಾಣಿ ಮ್ಯಾನುಯೆಲ್‌ಗೆ ಇಂಗ್ಲಿಷ್ ಸರಿಯಾಗಿ ಬಾರದು, ನಿಜ. ಆದರೆ ಕೊನೆಗೆ ಪೆಚ್ಚಾಗುವವನು ಹೋಟೆಲ್ ಮಾಲೀಕ ಬೇಸಿಲ್. ದೊಡ್ಡವರ ಮುಂದೆ ಹಲ್ಲು ಗಿಂಜುವುದು, ಕೆಲಸದವನ ತಲೆಗೆ ಹೊಡೆಯುವುದು. ಇಂಥವರನ್ನು ನಾವೂ ನೋಡಿದ್ದೇವೆ, ಅಲ್ವಾ? ಅದಕ್ಕೇ ನಗು ಹಳತಾಗಿಲ್ಲ.

‘ದ ಜರ್ಮನ್ಸ್’ ಕಂತು ಮಾತ್ರ ಕಷ್ಟ. ಅದರಲ್ಲಿ ಮುದುಕ ಮೇಜರ್ ಕ್ರಿಕೆಟ್ ಸುದ್ದಿ ಹೇಳುತ್ತಾ ಭಾರತೀಯರನ್ನೂ ವೆಸ್ಟ್ ಇಂಡೀಸಿನವರನ್ನೂ ಜನಾಂಗದ ಬೈಗುಳದಿಂದ ಕರೆಯುತ್ತಾನೆ. ಬರೆದವರು ಅಣಕಿಸಿದ್ದು ಅವನನ್ನೇ. ಆದರೂ ನನಗೆ ಅಲ್ಲಿ ನಗು ಬರಲಿಲ್ಲ, ಮನಸ್ಸು ಮುದುಡಿತು. 2020ರಲ್ಲಿ ಆ ಕಂತನ್ನು ಒಂದು ಬ್ರಿಟಿಷ್ ಸ್ಟ್ರೀಮಿಂಗ್ ಸೇವೆ ತೆಗೆದು, ಆಮೇಲೆ ಎಚ್ಚರಿಕೆಯ ಮಾತಿನೊಂದಿಗೆ ಮತ್ತೆ ಹಾಕಿತು. ಮಕ್ಕಳ ಜೊತೆ ಕೂರುವುದಾದರೆ ಅದನ್ನು ಬಿಟ್ಟು, ಇಲಿಯ ಕಂತಿನಿಂದ ಶುರು ಮಾಡಿ.