450 ಹೆಲಿಕಾಪ್ಟರಿನ ನಡುಕ ಹಿಡಿದುಕೊಟ್ಟ ಕಂಟ್ರೋಲರ್

ಪೀಣ್ಯದಲ್ಲಿ ಇಪ್ಪತ್ತೆಂಟು ವರ್ಷ ಗ್ರೈಂಡಿಂಗ್ ಮೆಷಿನ್ ಮುಂದೆ ನಿಂತವನು ನಾನು. ವೀಲ್ ಬ್ಯಾಲೆನ್ಸ್ ತಪ್ಪಿದ್ದರೆ ಅಂಗಾಲಿಗೇ ಗೊತ್ತಾಗುತ್ತಿತ್ತು. ರಿಟೈರ್ ಆದಮೇಲೆ ಕೊಂಡ 450 ಸೈಜಿನ ಆರ್‌ಸಿ (ರಿಮೋಟ್‌ನಿಂದ ಹಾರಿಸುವ) ಹೆಲಿಕಾಪ್ಟರ್ ಮಾತ್ರ ಮೂರು ತಿಂಗಳು ಆಟ ಆಡಿಸಿತು. ಹೋವರ್ ಮಾಡಿದರೆ, ಅಂದರೆ ಗಾಳಿಯಲ್ಲಿ ಒಂದೇ ಕಡೆ ನಿಲ್ಲಿಸಿದರೆ, ನಡುಕಕ್ಕೆ ಬಾಲದ ಫಿನ್ ಎರಡಾಗಿ ಕಾಣುತ್ತಿತ್ತು.

ಅದಕ್ಕೇ ಕಂಪನದ ಗ್ರಾಫ್ ತೋರಿಸುವ ಈ ಫ್ಲೈಬಾರ್‌ಲೆಸ್ ಕಂಟ್ರೋಲರ್ (ಸೆನ್ಸರ್‌ನಿಂದ ಹೆಲಿಕಾಪ್ಟರನ್ನು ಸ್ಥಿರವಾಗಿಡುವ ಎಲೆಕ್ಟ್ರಾನಿಕ್ ಡಬ್ಬಿ) ತಗೊಂಡೆ. 14,000 ರೂಪಾಯಿ. ಮನೆಯಲ್ಲಿ ಎಂಟು ಅಂದಿದ್ದೇನೆ. ದೂರುಗಳೂ ಇರುವುದರಿಂದ ಕಂಪನಿ ಹೆಸರು ಬೇಡ.

ರಾಗಿ ಕಟಾವಾದ ಹೊಲದಲ್ಲಿ, ಗಾಳಿ ಏಳುವ ಮುಂಚೆ, ಎರಡು ನಿಮಿಷ ಹೋವರ್ ಮಾಡಿ ಇಳಿಸಿ ಲ್ಯಾಪ್‌ಟಾಪಿಗೆ ಹಾಕಿದೆ. ನನ್ನ ರೋಟರ್ ನಿಮಿಷಕ್ಕೆ 2,400 ಸುತ್ತು, ಅಂದರೆ ಸೆಕೆಂಡಿಗೆ 40. ಗ್ರಾಫಿನಲ್ಲಿ ಸರಿಯಾಗಿ 40ರ ಹತ್ತಿರವೇ ಗೋಪುರ! ಬ್ಲೇಡ್ ಬಿಚ್ಚಿ ಬ್ಯಾಲೆನ್ಸರ್ ಮೇಲಿಟ್ಟರೆ ತುದಿಯಲ್ಲಿ ಅರ್ಧ ಗ್ರಾಂ ವ್ಯತ್ಯಾಸ. ಅರ್ಧ ಗ್ರಾಂ ಏನು ಮಹಾ ಅನ್ನಬೇಡಿ, ಈ ವೇಗದಲ್ಲಿ ಅದು ಒಂದು ಕೆಜಿ ಭಾರದಷ್ಟು ಎಳೆಯುತ್ತೆ. ಹಗುರ ಇದ್ದ ಬ್ಲೇಡಿಗೆ ಕೆಂಪು ಟೇಪ್ ಸುತ್ತಿದೆ. ತಿರುಗುವಾಗ ಆ ಕೆಂಪು ಸ್ವಲ್ಪ ಕೆಳಗೆ ಕಂಡಿತು. ಬ್ಲೇಡಿನ ಕೋನ ಹೊಂದಿಸುವ ಲಿಂಕ್ ಒಂದು ಸುತ್ತು ತಿರುಗಿಸಿ, ಎರಡೂ ಬ್ಲೇಡ್ ಒಂದೇ ಮಟ್ಟದಲ್ಲಿ ತಿರುಗುವ ಹಾಗೆ ಟ್ರ್ಯಾಕಿಂಗ್ ಸರಿಮಾಡಿದೆ.

ಎರಡನೇ ಹಾರಾಟದಲ್ಲಿ 40 ಇಳಿಯಿತು, 170ರಲ್ಲಿ ಇನ್ನೊಂದು ಎದ್ದು ಕಂಡಿತು. ನನ್ನ ಟೇಲ್ ಗೇರ್ ಅನುಪಾತ 4.24, ಅಂದರೆ ಮೇನ್ ರೋಟರ್ ಒಂದು ಸುತ್ತಿಗೆ ಬಾಲದ್ದು 4.24 ಸುತ್ತು. 40ರಿಂದ ಗುಣಿಸಿದರೆ ಕಳ್ಳ ಸಿಕ್ಕ: ಟೇಲ್ ಶಾಫ್ಟ್. ಗಾಜಿನ ಮೇಲೆ ಉರುಳಿಸಿದೆ, ಓಲಾಡಿತು. ಹಳೇ ಕ್ರ್ಯಾಶಿನ ಪ್ರಸಾದ.

80ರ ಹತ್ತಿರದ್ದು ಮಾತ್ರ ಹೋಗಿಲ್ಲ. ಎರಡು ಬ್ಲೇಡ್, ತಲಾ 40 ಸಲ ಗಾಳಿಯ ಹೊಡೆತ. ಅದು ಟೇಪಿಗೆ ಬಗ್ಗುವ ಜಾತಿಯಲ್ಲ. ನಮ್ಮ ಎಚ್‌ಎಎಲ್‌ನ ದೊಡ್ಡ ಹೆಲಿಕಾಪ್ಟರ್ ಧ್ರುವ್‌ಗೂ, ಅದರ ನಾಲ್ಕು ಬ್ಲೇಡಿನ ಲೆಕ್ಕದಲ್ಲಿ, ಇದೇ ಕಾಟ. ಅದಕ್ಕೇ ಅಲ್ಲಿ ಗೇರ್‌ಬಾಕ್ಸಿಗೂ ಬಾಡಿಗೂ ನಡುವೆ ಆಂಟಿ-ರೆಸೊನೆನ್ಸ್ ಐಸೊಲೇಟರ್ (ನಡುಕ ಬಾಡಿಗೆ ದಾಟದಂತೆ ತಡೆಯುವ ಸಾಧನ) ಕೂರಿಸಿದ್ದಾರೆ. ನಾನು ಬುದ್ಧಿವಂತಿಕೆ ತೋರಿಸಲು ಹೋಗಿ ಕಂಟ್ರೋಲರ್ ಕೆಳಗೆ ಎರಡು ಪದರ ಫೋಮ್ ಟೇಪ್ ಹಾಕಿದೆ. ಗ್ರಾಫ್ ಕೆರೆ ನೀರಿನ ಹಾಗೆ ಸಮ ಆಯಿತು, ಬಾಲ ನಾಯಿ ಬಾಲದಂತೆ ಅಲ್ಲಾಡತೊಡಗಿತು. ನಡುಕ ಇದ್ದಲ್ಲೇ ಇತ್ತು, ಸೆನ್ಸರ್ ಕಣ್ಣಿಗಷ್ಟೇ ಬಟ್ಟೆ ಕಟ್ಟಿದ್ದೆ. ಮತ್ತೆ ಒಂದೇ ಪದರಕ್ಕೆ ಬಂದೆ.

ದೂರುಗಳು: ಯಾವ ಗೋಪುರ ಯಾವ ಭಾಗದ್ದು ಅಂತ ಮ್ಯಾನ್ಯುಯಲ್‌ನಲ್ಲಿ ಒಂದು ಸಾಲಿಲ್ಲ, ಗುಣಾಕಾರ ನೀವೇ ಮಾಡಿಕೊಳ್ಳಬೇಕು. ಲ್ಯಾಪ್‌ಟಾಪಿಗೆ ಹಾಕುವ ಕೇಬಲ್ ಬೇರೆ ಕೊಳ್ಳಬೇಕು. ಕೊಟ್ಟಿರುವ ಅಂಟು ಟೇಪ್ ಏಪ್ರಿಲ್ ಬಿಸಿಲಿಗೆ ಕಿತ್ತು ಬರುತ್ತೆ.

ಬೆಂಚ್ ಮೇಲೆ ಮೋಟರ್, ಗೇರ್ ಪರೀಕ್ಷಿಸುವಾಗ ಮೇನ್, ಟೇಲ್ ಎರಡೂ ಬ್ಲೇಡ್ ಬಿಚ್ಚಿಡಿ. ಬ್ಲೇಡ್ ಬ್ಯಾಲೆನ್ಸರ್ ಇಲ್ಲದವರು ಮೊದಲು ಅದನ್ನು ಕೊಳ್ಳಿ, ಇದು ಆಮೇಲೆ. ಐದಕ್ಕೆ ನಾಲ್ಕು ಕೊಡ್ತೀನಿ. ಕಳೆದದ್ದು ಆ ಕೇಬಲ್ಲಿಗೆ.